ಚಿಮಣಿ ಜಗದೇವ

ಜಗದೇವನನ್ನು ನಾನು ಮೊದಲು ಕಂಡದ್ದು ಅಫಜಲಪುರದ ಬಸ್ ನಿಲ್ದಾಣದ ಹೊರಗೆ, ಮಣ್ಣೂರಿನ ಬಸ್ಸು ತಪ್ಪಿಹೋದ ಒಂದು ಮುಂಜಾನೆ. ಆಗ ನಾನು ಮಣ್ಣೂರಿನ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆನು. ಸೇವೆಯ ಕೊನೆಯ ವರ್ಷಗಳು. ಬಿಳಿಯ ಹಳೆಯ ಅಂಬಾಸಿಡರ್ ಕಾರೊಂದು ಬಂದು ನನ್ನ ಮುಂದೆ ನಿಂತಿತು. ಹಿಂದಿನ ಆಸನದಿಂದ ದೌಲತರಾಯನು ತಲೆ ಹೊರಗೆ ಹಾಕಿ, "ಹತ್ರಿ ಮಾಸ್ತರ್ರ, ನಾನೂ ಹೊಲಕ್ಕ ಹೊಂಟೇನಿ" ಎಂದನು. ಅವನು ನನ್ನ ಹಳೆಯ ವಿದ್ಯಾರ್ಥಿ. ಭೀಮಾ ನದಿಯ ದಂಡೆಯಲ್ಲಿ ಅವರ ಮನೆತನದ ಕಬ್ಬಿನ ಹೊಲಗಳಿವೆ, ಊರೊಳಗೆ ತೊಗರಿಯ ವ್ಯಾಪಾರವಿದೆ. ಊರಿನವರೆಲ್ಲ ಅವನನ್ನು ಸಾವಕಾರ ಎಂದೇ ಕರೆಯುತ್ತಾರೆ. ನಾನು ಸಂತೋಷದಿಂದ ಹತ್ತಿ ಕುಳಿತು ಬಾಗಿಲನ್ನು ಎಳೆದುಕೊಂಡೆನು. ಕೂಡಲೇ ಮುಂದಿನಿಂದ ಒಂದು ಧ್ವನಿ ಬಂದಿತು.

"ಬಾಗಲಾ ಹಂಗ ಬಡೀಬ್ಯಾಡ್ರಿ ಮಾಸ್ತರ್ರ. ಇದು ನಿಮ್ಮ ಸಾಲಿ ಬಾಗಲಾ ಅಲ್ಲ."

ದೌಲತರಾಯನು ಹೊಟ್ಟೆ ಕುಣಿಸಿ ನಕ್ಕನು. "ಇವ ನಮ್ಮ ಡ್ರೈವರ್ ಜಗದೇವ. ಗಾಡಿ ನಂದು, ಹುಕುಂ ಇವಂದು."

ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದ ಆ ಕಣ್ಣುಗಳಲ್ಲಿ ತಪ್ಪು ಮಾಡಿದೆನೆಂಬ ಭಾವ ಎಳ್ಳಷ್ಟೂ ಇರಲಿಲ್ಲ. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಇಸ್ತ್ರಿ ಮಾಡಿದ ಬಿಳಿಯ ಅಂಗಿ, ಆಸನದ ಮೇಲೆ ಮಡಿಸಿ ಹಾಸಿದ ಟವೆಲ್ಲು. ನನಗೆ ಆ ಮನುಷ್ಯ ಅಂದೇ ಹಿಡಿಸಿದನು. ಆಮೇಲೆ ಎಷ್ಟೋ ಸಲ ಅದೇ ಕಾರಿನಲ್ಲಿ ಶಾಲೆಗೆ ಹೋದೆನು, ಬಾಗಿಲನ್ನು ಮೆಲ್ಲನೆ ಹಾಕುವುದನ್ನು ಕಲಿತೆನು.

ಜಗದೇವ ವಿನಯವಂತನಾಗಿರಲಿಲ್ಲ. ಇದನ್ನು ಮೊದಲೇ ಹೇಳಬೇಕು. ಮುಂದೆ ಊರು ಅವನ ವಿಷಯದಲ್ಲಿ ನಡೆದುಕೊಂಡ ರೀತಿಗೆ ಅದೂ ಒಂದು ಕಾರಣ. ಪೆಟ್ರೋಲ್ ಬಂಕಿನ ಎದುರಿಗಿದ್ದ ಚಹಾ ಹೋಟೆಲಿನಲ್ಲಿ ಜೀಪಿನ ಡ್ರೈವರುಗಳು ಕುಳಿತಿರುವಾಗ, "ನೀವು ಎಲ್ಲಿ ಗಾಡಿ ಹೊಡೀತೀರಿ? ಗಾಡೀನ ನಿಮ್ಮನ್ನ ಹೊಡ್ಕೊಂಡು ಹೊಂಟದ" ಎನ್ನುತ್ತಿದ್ದನು. ಮೆಕ್ಯಾನಿಕ್ ಮಶಾಕನು ಕಾರಿನ ಹತ್ತಿರ ಬಂದರೆ, "ಮೊದಲ ಕೈ ತೊಳಕೋ" ಎನ್ನುತ್ತಿದ್ದನು. ಅವನ ಮಾತಿಗೆ ಎಲ್ಲರೂ ನಗುತ್ತಿದ್ದರು. ನಕ್ಕವರೆಲ್ಲರ ಹೊಟ್ಟೆಯಲ್ಲಿಯೂ ಒಂದೊಂದು ಕಲ್ಲು ಉಳಿಯುತ್ತಿತ್ತೆಂದು ಅವನಿಗೆ ತಿಳಿಯಲಿಲ್ಲ.

ಆ ಕಾರನ್ನು ತಂದವರು ದೌಲತರಾಯನ ತಂದೆ. ಅವರು ತೀರಿಕೊಂಡ ಮೇಲೆ ಮನೆಗೆ ಹೊಸ ಗಾಡಿಗಳು ಬಂದವು. ಆದರೂ ಅವರ ಹೆಂಡತಿ ಸುಂದರಬಾಯಿಯವರು ಅಂಬಾಸಿಡರನ್ನು ಮಾರಗೊಡಲಿಲ್ಲ. ದೌಲತರಾಯನೂ ನಾಲ್ಕು ಜನರ ಮುಂದೆ ಇಳಿಯಬೇಕಾದಾಗ ಅದರಲ್ಲಿಯೇ ಹೋಗುತ್ತಿದ್ದನು. ಅದು ತಂದೆಯ ಗಾಡಿ, ಮನೆತನದ ಗುರುತು.

ನಾನು ನಿವೃತ್ತನಾಗಿ ಅಫಜಲಪುರದಲ್ಲಿಯೇ ನೆಲೆಸಿದ ಮೇಲೆ, ಒಂದು ಮಳೆಗಾಲದಲ್ಲಿ, ಆ ಕಾರಿಗೆ ರೋಗ ತಗುಲಿತು. ಸರಿಯಾಗಿ ಓಡುತ್ತಿದ್ದ ಎಂಜಿನ್ನು ಇದ್ದಕ್ಕಿದ್ದಂತೆ ಕುಂಟತೊಡಗುವುದು. ಒಂದು ಜರ್ಕು, ಒಂದು ಬಿಕ್ಕಳಿಕೆ, ಮತ್ತೆ ಜರ್ಕು. ಮೆಕ್ಯಾನಿಕ್ಕರು ಇದಕ್ಕೆ ಮಿಸ್ಸಿಂಗ್ ಎನ್ನುತ್ತಾರೆ. ಎಂಜಿನ್ನಿನ ನಾಲ್ಕು ಸಿಲಿಂಡರುಗಳಲ್ಲಿ ಸರದಿಯಂತೆ ಕಿಡಿ ಹೊತ್ತಬೇಕು. ಯಾವುದೋ ಒಂದರಲ್ಲಿ ಹೊತ್ತದಿದ್ದರೆ ಅಲ್ಲಿಯ ಪೆಟ್ರೋಲು ಉರಿಯದೆ ಹೊಗೆಯ ಕೊಳವೆಯಿಂದ ವ್ಯರ್ಥವಾಗಿ ಹೊರಬೀಳುತ್ತದೆ. ಕಾರು ಬಳಲುತ್ತದೆ, ನಾರುತ್ತದೆ, ಹೆಚ್ಚು ಕುಡಿಯುತ್ತದೆ. ಇದಿಷ್ಟನ್ನೂ ನನಗೆ ಜಗದೇವನೇ ಹೇಳಿದ್ದು. ಆದರೆ ಈ ರೋಗ ದಿನವೂ ಕಾಣುತ್ತಿರಲಿಲ್ಲ. ಎರಡು ದಿನ ಕಾಡಿ ಮಾಯವಾಗುವುದು, ವಾರಗಟ್ಟಲೆ ಸುಳಿವಿಲ್ಲದೆ ಹೋಗುವುದು, ಮತ್ತೆ ಒಂದು ತಂಪಾದ ಮುಂಜಾನೆ ಬಂದು ಕೂಡುವುದು.

ಪೆಟ್ರೋಲು ಬೇಗ ಮುಗಿಯುತ್ತಿರುವುದನ್ನು ಮೊದಲು ಗಮನಿಸಿದವನು ದೌಲತರಾಯನ ಮಗ ಅರುಣಕುಮಾರ. ಹೊಗೆಯ ಕೊಳವೆಯ ಹತ್ತಿರ ಬಾಗಿ ಮೂಸಿದನು. ಅವನಿಗೆ ಎಲ್ಲವೂ ಒಂದು ಕ್ಷಣದಲ್ಲಿ ತಿಳಿದುಹೋಯಿತು: ಜಗದೇವ ಪೆಟ್ರೋಲು ತೆಗೆದು ಮಾರಿಕೊಂಡು, ಆ ಜಾಗಕ್ಕೆ ಚಿಮಣಿ ಎಣ್ಣೆ ತುಂಬುತ್ತಿದ್ದಾನೆ. ನಮ್ಮ ಕಡೆ ಸೀಮೆಎಣ್ಣೆಗೆ ಚಿಮಣಿ ಎಣ್ಣೆ ಎನ್ನುತ್ತಾರೆ.

ಹುಡುಗನು ಮನೆಯೊಳಗೆ ಕರೆದು ಕೇಳಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಸಂತೆಯ ದಿನ ಕಾರನ್ನು ಹೋಟೆಲಿನ ಮುಂದೆಯೇ ನಿಲ್ಲಿಸಿ, ಟ್ಯಾಂಕಿಗೆ ರಬ್ಬರಿನ ಪೈಪು ಇಳಿಬಿಟ್ಟು ಅದರ ತುದಿಯನ್ನು ಜಗದೇವನ ಕೈಗೆ ಕೊಟ್ಟನು. ನಾನು ಹೋಟೆಲಿನ ಬೆಂಚಿನ ಮೇಲಿದ್ದೆನು.

"ಹೀರಲೇ" ಎಂದನು.

"ಅರುಣಪ್ಪ, ಏನಿದು?"

"ಹೀರು ಅಂದ್ರ ಹೀರು. ರುಚಿ ನೋಡಿ ನೀನ ಹೇಳು, ಚಿಮಣಿ ಎಣ್ಣಿ ಎಷ್ಟ ಅದ, ಪೆಟ್ರೋಲ್ ಎಷ್ಟ ಅದ."

ಚಿಕ್ಕಂದಿನಲ್ಲಿ ಆ ಹುಡುಗನನ್ನು ತೋಳಿನಲ್ಲಿ ಎತ್ತಿ ಆಡಿಸಿದ್ದ ಡ್ರೈವರು ಅವನ ಮುಖವನ್ನೇ ನೋಡಿದನು. ಆಮೇಲೆ ಪೈಪನ್ನು ಬಾಯಿಗೆ ಇಟ್ಟುಕೊಂಡನು. ಹಟದಿಂದ ಜೋರಾಗಿ ಹೀರಿದನೆಂದು ಕಾಣುತ್ತದೆ. ಪೆಟ್ರೋಲು ಗಂಟಲಿಗೆ ಇಳಿಯಿತು. ನೆಲಕ್ಕೆ ಕುಸಿದು ಕೆಮ್ಮಿದನು. ಕಣ್ಣು ಮೂಗುಗಳಿಂದ ನೀರು ಸುರಿಯಿತು, ಬಿಳಿಯ ಅಂಗಿಯ ಮೇಲೆ ವಾಂತಿಯಾಯಿತು.

"ಸಾವಕಾಶ ಕುಡೀಲೇ, ಯಾರೂ ಕಸಗೊಳ್ಳಲ್ಲ" ಎಂದನು ಒಬ್ಬ ಜೀಪಿನವನು.

"ಈಗ ಗಾಡೀನ ಅವನ್ನ ಹೊಡ್ಕೊಂಡು ಹೊಂಟದ ನೋಡ್ರಿ" ಎಂದನು ಇನ್ನೊಬ್ಬನು.

ಹೋಟೆಲು ಹೋಟೆಲೇ ನಕ್ಕಿತು. ನಾನು ಅವನ ತಲೆಗೆ ನೀರು ಹಾಕಿ ಎಬ್ಬಿಸಿದೆನು. ಸಂಜೆಯಾಗುವುದರೊಳಗೆ ಅವನಿಗೆ ಹೊಸ ಹೆಸರು ಬಿದ್ದಿತ್ತು: ಚಿಮಣಿ ಜಗದೇವ. ವಾರ ಕಳೆಯುವುದರೊಳಗೆ ಜಗದೇವ ಎಂಬುದೂ ಉದುರಿಹೋಗಿ ಬರಿಯ ಚಿಮಣಿ ಉಳಿಯಿತು. ಓಣಿಯ ಮಕ್ಕಳು ಖಾಲಿ ಬಾಟಲಿ ಹಿಡಿದುಕೊಂಡು ಬಂದು ಅವನ ಬಾಗಿಲು ತಟ್ಟಿ, "ಕಾಕಾ, ಜರಾ ಎಣ್ಣಿ ಹಾಕ್ರಿ, ಅವ್ವ ಕಳಿಸ್ಯಾಳ" ಎಂದು ಓಡುತ್ತಿದ್ದವು. ಅವನ ಹೆಂಡತಿ ನೀರಿಗೆ ಹೋದರೆ ನಲ್ಲಿಯ ಹತ್ತಿರ ಹೆಂಗಸರು, "ಸರೀರಿ ಬೇ, ಚಿಮಣಿ ಹೇಣ್ತಿ ಬಂದಾಳ, ಬೆಂಕಿ ಕಡ್ಡಿ ಕೊರೀಬ್ಯಾಡ್ರಿ" ಎನ್ನುತ್ತಿದ್ದರು.

ಜಗದೇವ ದೌಲತರಾಯನ ಹತ್ತಿರ ಹೋಗುವಾಗ ನನ್ನನ್ನೂ ಜೊತೆಗೆ ಕರೆದನು. ಪಡಸಾಲೆಯಲ್ಲಿ ನಿಂತು ಹೇಳಿದನು:

"ಸಾವಕಾರ್ರ, ನಾ ಎಣ್ಣಿ ಬೆರಸಿಲ್ಲ. ಗಾಡಿದಾಗ ಏನೋ ಅದ. ಅದನ್ನ ಹುಡುಕಿ ನಿಮ್ಮ ಕಣ್ಣಿಗಿ ತೋರಸ್ತೇನಿ. ತೋರಿಸಿದ್ರ ಅದೇ ಹೋಟೆಲ್ ಮುಂದ, ಅದೇ ಮಂದಿ ಮುಂದ, ಜಗದೇವ ಕಳ್ಳ ಅಲ್ಲ ಅಂತ ನೀವು ಒಂದು ಮಾತು ಅನಬೇಕು. ಮತ್ತೇನೂ ಬ್ಯಾಡ ನನಗ."

"ಅಂತೇನಿ" ಎಂದನು ದೌಲತರಾಯ. "ತೋರಿಸು, ಅಂತೇನಿ."

ಅಂದಿನಿಂದ ಜಗದೇವನಿಗೆ ಬೇರೆ ಕೆಲಸವಿರಲಿಲ್ಲ, ಬೇರೆ ಮಾತೂ ಇರಲಿಲ್ಲ. ಕೈ ತೊಳೆದುಕೋ ಎನ್ನುತ್ತಿದ್ದ ಅದೇ ಮಶಾಕನ ಅಂಗಡಿಗೆ ಕಾರು ತೆಗೆದುಕೊಂಡು ಹೋಗಿ ಕೈ ಕಟ್ಟಿ ನಿಂತನು. ಮಶಾಕ ಚಹಾ ತರಿಸಿ, ಚಹಾ ಕುಡಿದು, ಬೀಡಿ ಹಚ್ಚಿ, ಮಸಿ ಹಿಡಿದ ತನ್ನ ಕೈಗಳನ್ನು ನೋಡಿಕೊಂಡು ಕೇಳಿದನು: "ಕೈ ತೊಳಕೊಂಡು ಬರ್ಲೇನು, ಚಿಮಣಿ?"

ಮಶಾಕ ಕಿಡಿ ಹೊತ್ತಿಸುವ ಪ್ಲಗ್ಗುಗಳನ್ನು ಬದಲಿಸಿದನು. ಎಂಜಿನ್ನನ್ನೆಲ್ಲ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಕಾರನ್ನು ಒಪ್ಪಿಸಿದನು. ಕಾರು ಸೊಗಸಾಗಿ ಓಡಿತು. ಆಮೇಲೆ ಮತ್ತೆ ಕುಂಟಿತು. ಪಾಯಿಂಟು ಬದಲಾಯಿತು, ಕಾರ್ಬೊರೇಟರ್ ಬಿಚ್ಚಿ ತೊಳೆದದ್ದಾಯಿತು. ಪ್ರತಿ ಸಲವೂ ಕೆಲಸ ಮುಗಿಸಿದ ಮೇಲೆ ಅದೇ ಬಟ್ಟೆಯಿಂದ ಒರೆಸುವುದು, ಪ್ರತಿ ಸಲವೂ ಕೆಲವು ದಿನ ಕಾರು ಗುಣವಾಗಿರುವುದು, ಆಮೇಲೆ ಮೊದಲಿನಂತೆಯೇ. ಹೊಸ ಸಾಮಾನಿನಿಂದಲೇ ಗುಣವಾಯಿತೆಂದು ಇಬ್ಬರೂ ತಿಳಿಯುತ್ತಿದ್ದರು. ಬಟ್ಟೆಯ ಬಗ್ಗೆ ಇಬ್ಬರಿಗೂ ಯೋಚನೆ ಬರಲಿಲ್ಲ.

ಕಾರು ಕುಂಟುತ್ತಿರುವಾಗಲೇ ಜಗದೇವ ಒಂದು ಪರೀಕ್ಷೆ ಮಾಡುತ್ತಿದ್ದನು. ಎಂಜಿನ್ನು ನಡೆದಿರುವಂತೆಯೇ ಪ್ಲಗ್ಗಿನ ವಾಯರುಗಳನ್ನು ಒಂದೊಂದಾಗಿ ಕೀಳುವುದು. ಸರಿಯಾಗಿರುವ ಸಿಲಿಂಡರಿನ ವಾಯರು ಕಿತ್ತರೆ ಸದ್ದು ಇನ್ನಷ್ಟು ಕೆಡುತ್ತದೆ. ಮೊದಲೇ ಸತ್ತಿರುವುದರ ವಾಯರು ಕಿತ್ತರೆ ಏನೂ ಬದಲಾಗುವುದಿಲ್ಲ. ಹಾಗೆ ಸತ್ತದ್ದನ್ನು ಕಂಡುಹಿಡಿಯಬಹುದು. ಆದರೆ ಸತ್ತದ್ದು ಈ ಸಲ ಒಂದಾದರೆ ಮುಂದಿನ ಸಲ ಇನ್ನೊಂದು. "ರೋಗ ಒಂದ ಕಡಿ ಕೂಡವಲ್ದು ಮಾಸ್ತರ್ರ" ಎಂದು ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದನು. ವಾಯರಿನ ಶಾಕು ಹೊಡೆದು ಹೊಡೆದು ಅವನ ಬೆರಳ ತುದಿಗಳು ಸೆಟೆದಂತಾಗಿದ್ದವು.

ಮಶಾಕನು ಕೊನೆಗೆ ಕೈ ಬಿಟ್ಟನು. "ರೋಗ ಗಾಡಿದಾಗ ಇಲ್ಲಪ. ನಿನ್ನ ಕೈಯಾಗ ಅದ. ರಾತ್ರಿ ತುಂಬೋದು ಬಿಡು, ಗಾಡಿ ಆರಾಮ ಆಗ್ತದ." ಅಂಗಡಿಯಲ್ಲಿದ್ದವರಿಗೆ ಆ ಮಾತು ಬಹಳ ಇಷ್ಟವಾಯಿತು.

ನಮ್ಮ ಕಡೆ ಅಮಾವಾಸ್ಯೆಯ ದಿನ ಎತ್ತುಗಳಿಗೆ ನೊಗ ಹೂಡುವುದಿಲ್ಲ. ದೌಲತರಾಯನ ಮನೆಯಲ್ಲಿ ಆ ದಿನ ಕಾರನ್ನೂ ಹೊರಗೆ ತೆಗೆಯುತ್ತಿರಲಿಲ್ಲ. ಜಗದೇವ ಹಿಂದಿನ ದಿನವೇ ಮಣ್ಣೂರಿನ ಅಣ್ಣನ ಮನೆಗೆ ಹೋಗಿ ಅಮಾವಾಸ್ಯೆ ಕಳೆದ ಮರುದಿನ ಮುಂಜಾನೆ ಬರುತ್ತಿದ್ದನು. ಅವನು ಬರುವಾಗ ಕಾರಿನ ಬಾನೆಟ್ಟಿನ ಮೇಲೆ ವಿಭೂತಿಯ ಪಟ್ಟೆಗಳೂ ಹೂವೂ ಇರುತ್ತಿದ್ದವು. ಸುಂದರಬಾಯಿಯವರು ಒಡೆದ ತೆಂಗಿನಕಾಯಿಯ ಅರ್ಧ ಹೋಳನ್ನು ಅವನಿಗೆಂದು ತೆಗೆದಿಟ್ಟಿರುತ್ತಿದ್ದರು. ಅವನು ಅದನ್ನು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದನು. ಆ ಮನೆಯಲ್ಲಿ ಅವನನ್ನು ಒಮ್ಮೆಯೂ ಚಿಮಣಿ ಎನ್ನದೆ ಇದ್ದವರು ಅವರೊಬ್ಬರೇ.

ಅಂಥ ಒಂದು ಮುಂಜಾನೆ ಜಗದೇವ ನನ್ನ ಮನೆಗೆ ಓಡುತ್ತ ಬಂದನು. "ಮಾಸ್ತರ್ರ, ಗಾಡಿ ಮಿಸ್ಸಿಂಗ್ ಹೊಡ್ಯಾಕತ್ತದ. ಕರೆಂಟ್ ಎಲ್ಲೋ ಸೋರಾಕತ್ತದಂತ ನನ್ನ ಮನಸ್ಸಿಗಿ ಬಂದದ. ಕತ್ತಲದಾಗ ನೋಡಬೇಕು. ನೀವೂ ಬರ್ರಿ, ನಾ ಒಬ್ಬನ ನೋಡಿದ್ರ ಯಾರೂ ನಂಬಲ್ಲ."

ತೊಗರಿ ತುಂಬುವ ಗೋದಾಮಿಗೆ ಕಾರನ್ನು ಒಯ್ದು ಬಾಗಿಲು ಮುಚ್ಚಿದನು. ಕಿಟಕಿಗೆ ಗೋಣಿಚೀಲ ತೂಗುಹಾಕಿದನು. ಹೊರಗೆ ಬಿಸಿಲು, ಒಳಗೆ ಕಣ್ಣಿಗೆ ಏನೂ ಕಾಣದಷ್ಟು ಕತ್ತಲೆ. ಬಾನೆಟ್ಟು ಎತ್ತಿ ಎಂಜಿನ್ನನ್ನು ಚಾಲೂ ಮಾಡಿದನು.

ಎಂಜಿನ್ನಿನ ಮಗ್ಗುಲಿಗೆ ಗುಂಡಗಿನ ಕರಿಯ ಟೊಪ್ಪಿಗೆಯಂಥದೊಂದಿದೆ. ಅದರ ನಡುವೆ ಒಂದು ಕೊಂಬು, ಸುತ್ತ ನಾಲ್ಕು ಕೊಂಬು. ಕಿಡಿಯ ಕರೆಂಟು ನಡುವಿನ ಕೊಂಬಿನಿಂದ ಬಂದು ಸುತ್ತಲಿನ ನಾಲ್ಕಕ್ಕೂ ಸರದಿಯಂತೆ ಹಂಚಿಹೋಗುವುದು ಅಲ್ಲಿಂದಲೇ. ಆ ಕತ್ತಲೆಯಲ್ಲಿ ಆ ಟೊಪ್ಪಿಗೆಯ ಮೈಮೇಲೆ ನೀಲಿಯ ಸಣ್ಣ ಹುಳುಗಳು ಹರಿದಾಡುತ್ತಿದ್ದವು. ಒಂದು ಕೊಂಬಿನಿಂದ ಇನ್ನೊಂದಕ್ಕೆ, ಅಲ್ಲಿಂದ ಕೆಳಗಿನ ಕಬ್ಬಿಣಕ್ಕೆ. ಒಂದೊಂದು ಹುಳು ಹರಿದಾಗಲೂ ಎಂಜಿನ್ನು ಒಂದೊಂದು ಸಲ ಬಿಕ್ಕುತ್ತಿತ್ತು. ಜಗದೇವ ಅಳುತ್ತಿದ್ದನೋ ನಗುತ್ತಿದ್ದನೋ ಕತ್ತಲೆಯಲ್ಲಿ ತಿಳಿಯಲಿಲ್ಲ.

ಎಂಜಿನ್ನು ನಿಲ್ಲಿಸಿ, ಬಾಗಿಲು ತೆರೆದು, ಬೆಳಕಿನಲ್ಲಿ ನೋಡಿದೆವು. ಕೊಂಬುಗಳ ನಡುವಿನ ತಗ್ಗಿನಲ್ಲಿ ಬೂದು ಬಣ್ಣದ ಹಸಿ ಕೆಸರು ಹತ್ತಿಕೊಂಡಿತ್ತು. ಒಣಗಿದ ಅಂಚು ಬೆಳ್ಳಗಿತ್ತು. "ಇಷ್ಟ ದಿನ ಇದನ್ನ ಬ್ಯಾಟರಿಗಿ ಹತ್ತೋ ಬಿಳಿ ಪುಡಿ ಅಂದ್ಕೊಂಡಿದ್ದೆ" ಎಂದು ಬೆರಳಿನಿಂದ ತೆಗೆದು ಮೂಸಿದನು. ನಾಲಗೆಗೆ ಹಚ್ಚಿಕೊಂಡನು. ವಾಯರುಗಳ ಕೆಳಗಿನಿಂದ ಒಂದು ಬಿಲ್ವಪತ್ರೆಯ ಎಲೆಯನ್ನು ಎಳೆದನು. ಅವನ ಮುಖ ಸಣ್ಣದಾಯಿತು.

"ಮಾಸ್ತರ್ರ, ಇದು ಈಬತ್ತಿ. ಟೆಂಗಿನಕಾಯಿ ನೀರು."

ಈಬತ್ತಿಯೆಂದರೆ ವಿಭೂತಿ. ಆಮೇಲೆ ವಿಚಾರಿಸಿದಾಗ ತಿಳಿಯಿತು: ಮೊದಲು ಸುಂದರಬಾಯಿಯವರು ಕಾರಿನ ಹೊರಮೈಗೆ ಮಾತ್ರ ಪೂಜೆ ಮಾಡುತ್ತಿದ್ದರು. ಆ ಮಳೆಗಾಲಕ್ಕೆ ಸ್ವಲ್ಪ ಮೊದಲು ಅವರ ಯಜಮಾನರು ಕನಸಿನಲ್ಲಿ ಬಂದು, ತಾನು ಗಾಡಿಯ ಒಳಗೆ ಇದ್ದೇನೆಂದು ಹೇಳಿದರಂತೆ. ಅಜ್ಜಿ ಮರುದಿನ ಬಾನೆಟ್ಟು ತೆಗೆಸಿ ನೋಡಿದರು. ಒಳಗೆ ಕರಿಯದು, ಗುಂಡಗಿರುವುದು, ಕೈಗೆ ಲಿಂಗದಂತೆ ಹತ್ತುವುದು ಅದೊಂದೇ ಕಂಡಿತು. ಅಂದಿನಿಂದ ಪ್ರತಿ ಅಮಾವಾಸ್ಯೆಯ ನಸುಕಿನಲ್ಲಿ ಅದಕ್ಕೆ ನೀರು ಹನಿಸಿ, ವಿಭೂತಿ ಧರಿಸಿ, ಪತ್ರಿ ಏರಿಸಿ, ಕಾಯಿಯ ನೀರು ಹಾಕುತ್ತಿದ್ದರು. ನೀರು ಆರಿದ ಮೇಲೂ ಆ ಲೇಪ ಉಳಿಯುತ್ತಿತ್ತು. ಇಬ್ಬನಿಯ ತಂಪು ತಾಗಿದರೂ ಸಾಕು, ಕರೆಂಟು ದಾರಿ ಬಿಟ್ಟು ಅದರ ಮೇಲೆ ಹರಿಯುತ್ತಿತ್ತು. ಅಜ್ಜಿ ಪೂಜೆ ಮಾಡುವಾಗ ಬಾನೆಟ್ಟನ್ನು ಎತ್ತಿ ಹಿಡಿದು ನಿಲ್ಲುತ್ತಿದ್ದವನು ಮೊಮ್ಮಗ ಅರುಣಕುಮಾರ. ಒಂದು ಕೈಯಲ್ಲಿ ಬಾನೆಟ್ಟು, ಇನ್ನೊಂದರಲ್ಲಿ ಮೊಬೈಲು.

ದೌಲತರಾಯನನ್ನು ಗೋದಾಮಿಗೆ ಕರೆತಂದೆವು. ಜಗದೇವ ಮತ್ತೆ ಕತ್ತಲೆ ಮಾಡಿ ನೀಲಿಯ ಹುಳುಗಳನ್ನು ತೋರಿಸಿದನು. ಆಮೇಲೆ ಒಣಗಿದ ಬಟ್ಟೆಯಿಂದ ಟೊಪ್ಪಿಗೆಯನ್ನು ತಿಕ್ಕಿ ಒರೆಸಿ ಮತ್ತೆ ಚಾಲೂ ಮಾಡಿದನು. ಎಂಜಿನ್ನು ಹೊಲಿಗೆಯ ಯಂತ್ರದಂತೆ ಸಮನಾಗಿ ನಡೆಯಿತು. ದೌಲತರಾಯನು ಬಿಲ್ವಪತ್ರೆಯ ಎಲೆಯನ್ನು ಕೈಯಲ್ಲಿ ಹಿಡಿದು ಹೊರಳಿಸಿ ಹೊರಳಿಸಿ ನೋಡಿದನು. ಕೊನೆಗೆ ಬಾಗಿ ನನ್ನ ಕಾಲು ಮುಟ್ಟಿದನು.

"ಮಾಸ್ತರ್ರ, ನೀವು ಅಕ್ಷರ ಕಲಿಸಿದವ್ರು. ನಿಮ್ಮ ಮುಂದ ಸುಳ್ಳ ಹೇಳಲ್ಲ. ಇವ ಹೇಳೋದು ಖರೇ ಅದ."

"ಹಾಗಾದರೆ ಹೋಟೆಲಿಗೆ ನಡಿ, ದೌಲತಾ" ಎಂದೆನು.

"ಹೋಗಿ ಏನನ್ಲಿ? ದೌಲತರಾಯನ ಅವ್ವ ಪೂಜಾ ಮಾಡಿ ಗಾಡಿ ಕೆಡಿಸಿದಳು ಅನ್ಲೇನು? ತಾ ಬಾನೆಟ್ ಹಿಡಿದು ನಿಂತು, ಮತ್ತೊಬ್ಬನ ಬಾಯಾಗ ಪೈಪ್ ಇಟ್ಟ ನನ್ನ ಮಗ, ಅನ್ಲೇನು? ಅವ್ವಗ ಈ ಮಾತು ಹತ್ತಿದ್ರ ಉಳೀತಾಳೇನ್ರಿ ಅಕಿ?" ಆಮೇಲೆ ಜಗದೇವನ ಕಡೆ ತಿರುಗಿದನು. ಅವನ ಧ್ವನಿ ಮೃದುವಾಗಿತ್ತು. ಹುಡುಗನಾಗಿದ್ದಾಗಲೂ ತಪ್ಪು ಮಾಡಿದಾಗ ಅವನ ಧ್ವನಿ ಹೀಗೆಯೇ ಮೃದುವಾಗುತ್ತಿತ್ತು. "ನಿನ್ನ ಹೆಸರು ಹೆಂಗೂ ಹೋಗ್ಯದಲೇ ಜಗದೇವ. ಅದರ ಸಂಗಾಟ ನಮ್ಮ ಮನಿ ಹೆಸರೂ ಯಾಕ ಹೋಗಬೇಕು? ನೌಕರಿ ನಿಂದೇ. ನಾ ಇರೋತನಕ ಯಾರೂ ತೆಗೆಯಲ್ಲ. ಅಮಾಸಿ ಮರುದಿನ ಅದನ್ನ ಒರಸು, ಬಾಯಿ ಮುಚ್ಚಿಕೊಂಡು ಗಾಡಿ ಹೊಡಿ."

"ಮಾತು ಕೊಟ್ಟಿದ್ರಿ, ಸಾವಕಾರ್ರ."

"ಕೊಟ್ಟಿದ್ದೆ" ಎಂದನು ದೌಲತರಾಯ. ಧೋತರಕ್ಕೆ ಹತ್ತಿದ ತೊಗರಿಯ ಧೂಳನ್ನು ಕೊಡವಿಕೊಂಡು ಹೋದನು.

ಜಗದೇವ ನೇರವಾಗಿ ಅಜ್ಜಿಯ ಹತ್ತಿರ ಹೋದನು. ಅವರು ಹಿತ್ತಿಲ ಕಟ್ಟೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ ಕುಳಿತಿದ್ದರು. ಅವನಿಗೆಂದು ತೆಗೆದಿಟ್ಟ ಕಾಯಿಯ ಹೋಳು ಪಕ್ಕದಲ್ಲಿತ್ತು.

"ಅವ್ವಾರ, ಇನ್ ಮ್ಯಾಲ ಒಳಗ ನೀರು ಹಾಕಬ್ಯಾಡ್ರಿ. ಗಾಡಿ ಕೆಡಾಕತ್ತದ. ಅದರ ಸಲುವಾಗಿ ನನಗ ಕಳ್ಳ ಅನ್ನಾಕತ್ತಾರ."

"ಅಲ್ಲಿ ಅವ್ರು ಇದ್ದಾರಪ. ಅವ್ರಿಗಿ ಹಾಕಿದ ನೀರಿಂದ ಗಾಡಿ ಕೆಡ್ತದೇನು?" ಎಂದು ಅಜ್ಜಿ ನಕ್ಕರು. ಆಮೇಲೆ ಅವನ ಕೈಯನ್ನು ಹಿಡಿದುಕೊಂಡರು. "ಹೆದರಬ್ಯಾಡ. ಅರುಣ ನನಗ ಎಲ್ಲಾ ಹೇಳ್ಯಾನ. ನೀ ಎಣ್ಣಿ ಮಾರಕೊಂಡಿದ್ರೂ ನಾ ಸಿಟ್ಟಾಗಲ್ಲ. ಹೊಟ್ಟಿ ಸಲುವಾಗಿ ಕದ್ದಿ. ನಾ ನಿನ್ನ ಕ್ಷಮಾ ಮಾಡೇನಿ, ಅವ್ರೂ ಮಾಡ್ಯಾರ. ತಗೋ, ಕಾಯಿ ತಿನ್ನು."

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಅಷ್ಟು ಪ್ರೀತಿಯಿಂದ ಯಾರೂ ಅವನನ್ನು ಕಳ್ಳನೆಂದು ಕರೆದಿರಲಿಲ್ಲ. ಜಗದೇವ ಕಾಯಿಯ ಹೋಳನ್ನು ಹಿಡಿದುಕೊಂಡು ನಿಂತಿದ್ದನು. ಅಜ್ಜಿ "ತಿನ್ನು, ತಿನ್ನು" ಎನ್ನುತ್ತಿದ್ದರು. ಅವನು ತಿಂದನು.

ಅಲ್ಲಿಂದ ಮುಂದೆ ಅವನು ಪ್ರತಿ ಅಮಾವಾಸ್ಯೆಯ ಮರುದಿನ ಎಲ್ಲರಿಗಿಂತ ಮೊದಲು ಬಂದು ಟೊಪ್ಪಿಗೆಯನ್ನು ಒರೆಸಿ ಒಣಗಿಸತೊಡಗಿದನು. ಕಾರು ಒಂದು ಸಲವೂ ಬಿಕ್ಕಲಿಲ್ಲ. ಹೊಗೆ ನಾರಲಿಲ್ಲ, ಪೆಟ್ರೋಲು ಮೊದಲಿನಷ್ಟೇ ಬಾಳಿತು. ಇದೇ ಅವನಿಗೆ ಮುಳುವಾಯಿತು.

"ನೋಡಿದ್ರಿಲ್ಲ? ಹಿಡದ ಮ್ಯಾಲ ಸುಧಾರಿಸ್ಯಾನ" ಎಂದರು ಹೋಟೆಲಿನವರು. "ಪೈಪ್ ಬಾಯಾಗ ಇಟ್ಟ ಮ್ಯಾಲ ಗಾಡಿ ಹೆಂಗ ಆರಾಮಾತು ನೋಡ್ರಿ." ಅಲ್ಲಿಯವರೆಗೆ ಸಂಶಯಪಡುತ್ತಿದ್ದ ಒಬ್ಬಿಬ್ಬರಿಗೂ ಈಗ ಖಾತ್ರಿಯಾಯಿತು. ಅರುಣಕುಮಾರನಿಗೆ ಜನ ಶಹಬ್ಬಾಸ್ ಎಂದರು. ಅವನು ಟ್ಯಾಂಕಿಗೆ ಒಂದು ಕೀಲಿ ಹಾಕಿಸಿ ಚಾವಿಯನ್ನು ತನ್ನ ಸೊಂಟದ ದಾರಕ್ಕೆ ಕಟ್ಟಿಕೊಂಡನು.

ನಾನು ಹೋಟೆಲಿನಲ್ಲಿ ಎದ್ದು ನಿಂತು, ಕಣ್ಣಾರೆ ಕಂಡದ್ದನ್ನು ಕಂಡಂತೆಯೇ ಹೇಳಿದೆನು. ಎಲ್ಲರೂ ಗೌರವದಿಂದ ಕೇಳಿದರು. ಕೇಳಿ, ಒಬ್ಬನು ನನ್ನ ಚಹಾದ ಕಪ್ಪನ್ನು ತುಂಬಿಸಿ, "ಮಾಸ್ತರ್ರ ಮನಸ್ಸು ದೊಡ್ಡದಪ. ಸಾಲ್ಯಾಗೂ ಹಿಂಗ, ಯಾರ ತಪ್ಪು ಮಾಡಿದ್ರೂ ಮುಚ್ಚಿ ಹಾಕ್ತಿದ್ರು" ಎಂದನು. ಮಶಾಕನನ್ನು ಬೇರೆಯಾಗಿ ಕಂಡು ಹೇಳಿದಾಗ ಅವನಿಗೆ ಎಲ್ಲವೂ ಅರ್ಥವಾಯಿತು. ಟೊಪ್ಪಿಗೆ, ಲೇಪ, ತನ್ನ ಒರೆಸುವ ಬಟ್ಟೆ. "ಖರೇ ಅದ್ರಿ" ಎಂದು ತಲೆ ತಗ್ಗಿಸಿದನು. "ಆದ್ರ ಇಷ್ಟ ದಿನ ನಾ ಬದಲಿ ಮಾಡಿದ ಪ್ಲಗ್ಗು, ಪಾಯಿಂಟು, ಅವುಕ್ಕ ಏನ್ ಹೇಳ್ಲಿ? ನಾಳಿ ನನ್ನ ಅಂಗಡಿಗಿ ಯಾರ ಬರ್ತಾರ್ರಿ? ನಾ ಏನೂ ಕೇಳಿಲ್ಲ, ನೀವು ಏನೂ ಹೇಳಿಲ್ಲ."

ಜಗದೇವ ಯೋಚಿಸಿ ಯೋಚಿಸಿ ಒಂದು ದಾರಿ ಹುಡುಕಿದನು. ಟ್ಯಾಂಕಿಗೆ ಕೀಲಿಯಿದೆ, ಚಾವಿ ಅರುಣಕುಮಾರನ ಸೊಂಟದಲ್ಲಿದೆ, ಪೆಟ್ರೋಲು ತುಂಬಿಸುವವನೂ ಅವನೇ. ಹೀಗಿರುವಾಗಲೂ ಕಾರು ಮಿಸ್ಸಿಂಗ್ ಹೊಡೆದರೆ ಎಣ್ಣೆಯ ಮಾತೇ ಬರುವಂತಿಲ್ಲವಲ್ಲ? "ಒಂದ ಅಮಾಸಿ ಒರಸೋದು ಬಿಡ್ತೇನಿ, ಮಾಸ್ತರ್ರ. ಆವಾಗಾದ್ರೂ ತಿಳೀತದ" ಎಂದನು. ನನಗೂ ಅದು ಸರಿಯೆನಿಸಿತು. ಅದರಲ್ಲಿ ಒಂದು ತಪ್ಪೂ ನನಗೆ ಕಾಣಲಿಲ್ಲ; ಇಂದಿಗೂ ಕಾಣುವುದಿಲ್ಲ.

ಅರುಣಕುಮಾರನಿಗೆ ಜೇವರ್ಗಿಯಲ್ಲಿ ಹೆಣ್ಣು ನೋಡಿದ್ದರು. ಅಮಾವಾಸ್ಯೆ ಕಳೆದ ಮರುದಿನವೇ ಮಾತುಕತೆ. ಮನೆತನದ ಗಾಡಿಯಲ್ಲಿಯೇ ಹೊರಟರು; ನನ್ನನ್ನೂ ಹಿರಿಯನೆಂದು ಕೂಡಿಸಿಕೊಂಡರು. ಜೇವರ್ಗಿಯ ಊರ ಬಾಗಿಲಲ್ಲಿ ಬೀಗರು ಸ್ವಾಗತಕ್ಕೆಂದು ನಿಂತಿದ್ದರು. ಸರಿಯಾಗಿ ಅವರ ಮುಂದೆಯೇ ಕಾರು ಬಿಕ್ಕಿತು, ಕುಂಟಿತು, ಕರಿಯ ಹೊಗೆ ಕಾರಿ ನಿಂತುಬಿಟ್ಟಿತು. ಬೀಗರ ಕಡೆಯ ಹುಡುಗಿಯರು ಸೆರಗಿನಲ್ಲಿ ನಕ್ಕರು.

ಜಗದೇವ ಇಳಿದನು. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಕಳೆಯಿತ್ತು. ಎಲ್ಲರಿಗೂ ಕೇಳುವಂತೆ ಹೇಳಿದನು:

"ಅರುಣಪ್ಪ, ಕೀಲಿ ನಿನ್ನ ಹಂತೇಲಿ ಅದ. ಪೆಟ್ರೋಲ್ ತುಂಬಿಸಿದಾವ ನೀನ. ಈಗ ಹೇಳು, ಎಣ್ಣಿ ಯಾರು ಬೆರಸಿದ್ರು?"

ಉತ್ತರಕ್ಕೆ ಕಾಯದೆ ಬಾನೆಟ್ಟು ಎತ್ತಿ, ಹೆಗಲ ಮೇಲಿನ ವಸ್ತ್ರ ತೆಗೆದು ಟೊಪ್ಪಿಗೆಯನ್ನು ಒರೆಸಿದನು. ಚಾಲೂ ಮಾಡಿದನು. ಎಂಜಿನ್ನು ಒಂದು ಬಿಕ್ಕೂ ಇಲ್ಲದೆ ನಡೆಯಿತು. ಅವನು ಎರಡು ಕೈ ಎತ್ತಿ, "ನೋಡ್ರಿ, ಎಲ್ಲಾರೂ ನೋಡ್ರಿ!" ಎಂದನು.

ಎಲ್ಲರೂ ನೋಡಿದರು. ಅರುಣಕುಮಾರನ ಮುಖ ಕಪ್ಪಿಟ್ಟಿತ್ತು. ಅವನು ನಿಧಾನವಾಗಿ ಹೇಳಿದನು: "ನೋಡಿದ್ರಿಲ್ಲ? ತಾನ ಕೆಡಸ್ತಾನ, ತಾನ ರಿಪೇರಿ ಮಾಡ್ತಾನ. ಎಣ್ಣಿ ಆಟ ಬಂದ್ ಆದ ಮ್ಯಾಲ ಈ ಆಟ ಕಲ್ತಾನ. ಬೀಗರ ಮುಂದ ನಮ್ಮ ಮರ್ಯಾದಿ ಕಳೀಬೇಕಂತ ಇವತ್ತಿನ ದಿನಾನ ಆರಿಸ್ಯಾನ."

"ಅರುಣಪ್ಪ, ಅದು ಅಮಾಸಿ ಪೂಜಾದ..."

ಮಾತು ಪೂರ್ತಿಯಾಗುವ ಮೊದಲು ಕೆನ್ನೆಗೆ ಏಟು ಬಿದ್ದಿತು. ಹೊಡೆದವನು ಅರುಣಕುಮಾರನಲ್ಲ, ನಾ ಇರೋತನಕ ಯಾರೂ ನೌಕರಿ ತೆಗೆಯಲ್ಲ ಎಂದಿದ್ದ ದೌಲತರಾಯ. ತಾಯಿಯ ಹೆಸರು ಬೀಗರ ಮುಂದೆ ಬರುವುದರೊಳಗೆ ಅವನು ಆ ಬಾಯಿಯನ್ನು ಮುಚ್ಚಿಸಬೇಕಾಗಿತ್ತು. ನಾನು ನಡುವೆ ಹೋಗಿ ನಿಂತು, "ದೌಲತಾ, ನೀನು ಬಲ್ಲೆ" ಎಂದೆನು. ಅವನು ನನ್ನ ಕಡೆ ನೋಡದೆ, "ಮಾಸ್ತರ್ರನ್ನ ಒಳಗ ಕರಕೊಂಡು ಹೋಗಿ ನೆರಳಿಗಿ ಕೂಡಸ್ರಿ, ಬಿಸಿಲು ಭಾಳ ಅದ" ಎಂದನು. ಇಬ್ಬರು ಹುಡುಗರು ಬಹಳ ಮರ್ಯಾದೆಯಿಂದ ನನ್ನ ತೋಳು ಹಿಡಿದು ನಡೆಸಿಕೊಂಡು ಹೋದರು. ಬೀಗರ ಡ್ರೈವರೊಬ್ಬನು ಕಾರು ಹತ್ತಿದನು. ಜಗದೇವ ಅಲ್ಲಿಯೇ, ರಸ್ತೆಯ ಪಕ್ಕದಲ್ಲಿ, ವಸ್ತ್ರ ಹಿಡಿದುಕೊಂಡು ನಿಂತಿದ್ದನು. ಮದುವೆ ನಿಶ್ಚಯವಾಯಿತು.

ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಹೊಸ ಡ್ರೈವರನ ಕೈಯಲ್ಲಿಯೂ ಕಾರು ಕುಂಟಿತು. ಆಗಲಾದರೂ ತಿಳಿಯಬೇಕಾಗಿತ್ತು. "ವರ್ಷಾನುಗಟ್ಟಲೆ ಚಿಮಣಿ ಎಣ್ಣಿ ಕುಡಿಸಿ ಎಂಜಿನ್ನೇ ತಿಂದು ಹೋಗ್ಯಾನ ಕಳ್ಳ" ಎಂದರು ಜನ. ದೌಲತರಾಯನು ಸುಮ್ಮನಿದ್ದನು. ಅಫಜಲಪುರದಲ್ಲಿ, ಜೇವರ್ಗಿಯಲ್ಲಿ ಯಾರೂ ಜಗದೇವನ ಕೈಗೆ ಗಾಡಿ ಕೊಡಲಿಲ್ಲ. ಟ್ರ್ಯಾಕ್ಟರನ್ನೂ ಕೊಡಲಿಲ್ಲ. ಅವನು ಹೆಂಡತಿಯನ್ನು ಕರೆದುಕೊಂಡು, ತನ್ನನ್ನು ಯಾರೂ ಅರಿಯದ ಆಳಂದದ ಕಡೆಗೆ ಹೋದನು.

ಹೋದ ತಿಂಗಳು ನಾನು ಅವನನ್ನು ನೋಡಿಬಂದೆನು. ಈಗ ಅವನು ಆಳಂದದ ಬಸ್ ನಿಲ್ದಾಣದ ಹೊರಗೆ ನರೋಣಾ ಊರಿಗೆ ಹೋಗುವ ಜೀಪುಗಳಿಗೆ ಜನ ತುಂಬುವ ಕೆಲಸ ಮಾಡುತ್ತಾನೆ. ಒಂದು ಜೀಪು ತುಂಬಿದರೆ ಡ್ರೈವರು ಏನಾದರೂ ಕೊಡುತ್ತಾನೆ. ಗಾಡಿ ನಡೆಸುವ ಲೈಸನ್ಸನ್ನು ಅವನು ನವೀಕರಿಸಿಲ್ಲ. ಮೊದಲೊಂದು ವರ್ಷ ಅಲ್ಲಿ ಅವನಿಗೆ ತನ್ನ ಹೆಸರು ಮರಳಿ ಸಿಕ್ಕಿತ್ತು. ಆಮೇಲೆ ಅಫಜಲಪುರದ ಜೀಪಿನವನೊಬ್ಬನು ಆ ದಾರಿಗೆ ಬಂದನಂತೆ. ನಾನು ಹೋದಾಗ ಒಬ್ಬ ಡ್ರೈವರು ಸ್ಟೇರಿಂಗಿನ ಹಿಂದೆ ಕುಳಿತು, "ಏ ಚಿಮಣಿ, ಇನ್ನಾ ಎರಡ ಸೀಟ್ ಹಾಕಲೇ" ಎಂದು ಕೂಗಿದನು. ಜಗದೇವ ತಿರುಗಿ ನೋಡಿ, "ಹಾಕ್ತೇನ್ರಿ" ಎಂದನು. ನಾನೂ ಆ ಜೀಪನ್ನೇ ಹತ್ತುವವನಿದ್ದೆನು. ನನ್ನ ಕೈಚೀಲವನ್ನು ತೆಗೆದುಕೊಂಡು ಕಿಟಕಿಯ ಹತ್ತಿರ ಜಾಗ ಮಾಡಿಕೊಟ್ಟನು. ಮನೆಯ ಕ್ಷೇಮ ಕೇಳಿದನು, ಸುಂದರಬಾಯಿ ಅವ್ವಾರ ಮೊಣಕಾಲು ನೋವು ಹೇಗಿದೆಯೆಂದು ಕೇಳಿದನು. ಆಮೇಲೆ ಬಿಸಿಲಿಗೆ ಹೋಗಿ ನಿಂತು, "ನರೋಣಾ, ನರೋಣಾ, ನರೋಣಾ" ಎಂದು ಕೂಗತೊಡಗಿದನು.